ಹೂವೂ ದಾರವೂ: ‘ಮೈಸೂರು ಮಲ್ಲಿಗೆ’ಯ ಗೀತಮಾಲಿಕೆಯ ಗುಣದೋಷ ವಿಚಾರ

ಮಾಲೆಯನ್ನು ಕೊಳ್ಳುವವರು ಹೂವಿನ ಅಂದವನ್ನು ನೋಡುತ್ತಾರೆ, ದಾರವನ್ನು ನೋಡುವುದಿಲ್ಲ. ದಾರವು ಎದ್ದು ಕಂಡರೆ ಮಾಲೆಯ ಸೊಬಗು ಕೆಡುತ್ತದೆ. ದಾರವೇ ಇಲ್ಲವಾದರೆ ಅದು ಮಾಲೆ ಎನಿಸಿಕೊಳ್ಳದೆ ಬುಟ್ಟಿಯ ಹೂವಾಗಿಯೇ ಉಳಿಯುತ್ತದೆ. ಹತ್ತಾರು ಹಾಡುಗಳನ್ನು ಒಂದುಗೂಡಿಸಿ ಕೇಳಿಸುವವರಿಗೂ ಇದೇ ನಿಯಮ. ಒಂದೊಂದು ಹಾಡೂ ತನ್ನಷ್ಟಕ್ಕೆ ಅರಳಿರಬೇಕು. ಎಲ್ಲವೂ ಕೂಡಿ ಒಂದು ಅರ್ಥವನ್ನೂ ಕೊಡಬೇಕು. ಈ ಎರಡು ಕೆಲಸಗಳು ಒಂದಕ್ಕೊಂದು ಅಡ್ಡ ಬರತಕ್ಕವಾದುದರಿಂದ, ಎರಡನ್ನೂ ಸಾಧಿಸಿದ ಗೀತಮಾಲಿಕೆಗಳು ಯಾವ ಭಾಷೆಯಲ್ಲಿಯೂ ವಿರಳವೇ. ನಮ್ಮ ಕನ್ನಡದಲ್ಲಿ ಮನೆಮನೆಯವರೂ ಬಲ್ಲ ಅಂಥ ಒಂದು ಮಾಲಿಕೆಯಿದೆ. ಅದರ ಗುಣವನ್ನೂ ದೋಷವನ್ನೂ ವಾಚಕರ ಮುಂದಿಟ್ಟು ವಿಚಾರಿಸಬೇಕೆಂಬುದು ಈ ಲೇಖನದ ಉದ್ದೇಶ.

ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರು ಮಲ್ಲಿಗೆ’ಯನ್ನು ಅರಿಯದ ಕನ್ನಡ ಗೃಹಸ್ಥರಾರು? ೧೯೧೫ರಲ್ಲಿ ಕಿಕ್ಕೇರಿಯಲ್ಲಿ ಹುಟ್ಟಿ, ಗುಮಾಸ್ತೆಯ ಕೆಲಸದಲ್ಲಿ ಸಂಸಾರವನ್ನು ತೂಗಿಸಿ, ೨೦೦೩ರಲ್ಲಿ ತೀರಿಕೊಂಡ ಈ ಕವಿಗಳು ಆ ಪುಸ್ತಕವನ್ನು ೧೯೪೨ರಲ್ಲಿ ಪ್ರಕಟಿಸಿದರು. ಅದಕ್ಕೆ ಆರು ವರ್ಷ ಮುಂಚೆ, ೧೯೩೬ರಲ್ಲಿ, ಅವರು ವೆಂಕಮ್ಮನವರ ಕೈಹಿಡಿದದ್ದು ನಮ್ಮ ತಿಪಟೂರಿನಲ್ಲಿ. ಆದುದರಿಂದ ಮಾವನ ಮನೆಯ ಹಾಡುಗಳನ್ನು ಕೇಳುವಾಗಲೆಲ್ಲ ಈ ತೆಂಗಿನ ಸೀಮೆಯವರಾದ ನಮಗೆ, ನಮ್ಮ ಮನೆಯ ಅಳಿಯ ಹಾಡಿದಂತೆ ಒಂದು ಸಲಿಗೆ ತೋರುವುದು ಸಹಜ. ಆ ಸಲಿಗೆ ವಿಚಾರಕ್ಕೆ ಅಡ್ಡಿಯಾಗಬಾರದಷ್ಟೆ.

ಮೊದಲು ಶಾಸ್ತ್ರದ ಮಾತನ್ನು ಸ್ವಲ್ಪ ನೋಡೋಣ. ನಮ್ಮ ಆಲಂಕಾರಿಕರು ಮುಕ್ತಕವೆಂದೂ ಪ್ರಬಂಧವೆಂದೂ ಕಾವ್ಯವನ್ನು ಬೇರ್ಪಡಿಸಿದರು. ಮುಂದುಹಿಂದಿನ ಪದ್ಯಗಳ ಹಂಗಿಲ್ಲದೆ ತಾನೊಂದೇ ನಿಂತು ರಸವನ್ನು ಕೊಡುವುದು ಮುಕ್ತಕ. ಕಥೆಯ ನಂಟಿನಿಂದ ಹಬ್ಬುವುದು ಪ್ರಬಂಧ. ಅಮರುಕ ಕವಿಯ ಒಂದೊಂದು ಮುಕ್ತಕವೂ ಒಂದು ಪ್ರಬಂಧಕ್ಕೆ ಸಮನೆಂದು ಆನಂದವರ್ಧನನು ಮೆಚ್ಚಿಕೊಂಡಿದ್ದಾನೆ. ಇವೆರಡರ ನಡುವೆ ಇನ್ನೊಂದು ದಾರಿಯನ್ನು ತೆರೆದವನು ಜಯದೇವ. ಅವನ ‘ಗೀತಗೋವಿಂದ’ದಲ್ಲಿ ೧೨ ಸರ್ಗಗಳೂ ೨೪ ಹಾಡುಗಳೂ ಇವೆ. ಪ್ರತಿಯೊಂದು ಅಷ್ಟಪದಿಯನ್ನೂ ಬಿಡಿಯಾಗಿ ಹಾಡಬಹುದು. ಆದರೆ ಮೊದಲಿಂದ ಕೊನೆಯವರೆಗೆ ಕೇಳಿದವನಿಗೆ ಮುನಿಸು, ವಿರಹ, ದೂತಿಯ ಮಾತು, ಮಿಲನ ಇವುಗಳ ಒಂದು ನಡೆಯೇ ಗೋಚರವಾಗುತ್ತದೆ.

ಪಶ್ಚಿಮ ದೇಶದವರು ಇದೇ ಮಾತನ್ನು ಗ್ರಾಮಫೋನು ತಟ್ಟೆಗಳ ಕಾಲದಲ್ಲಿ ತಮ್ಮದೇ ರೀತಿಯಲ್ಲಿ ಮತ್ತೆ ಕಂಡುಕೊಂಡರು. ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಒಂದು ಹಾಡು ಮಾತ್ರ ಹಿಡಿಯುತ್ತಿತ್ತು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯವರು ನಿಧಾನವಾಗಿ ತಿರುಗುವ ದೀರ್ಘಕಾಲದ ತಟ್ಟೆಯನ್ನು ತಂದಮೇಲೆ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತಕ್ಕೆ ಎಡೆಯಾಯಿತು. ಅಷ್ಟು ಎಡೆ ದೊರೆತಾಗ, ಹಾಡುಗಳನ್ನು ಸುಮ್ಮನೆ ತುಂಬುವ ಬದಲು ಒಂದು ಭಾವದಿಂದ ಏಕೆ ಕಟ್ಟಬಾರದೆಂಬ ಯೋಚನೆ ಹುಟ್ಟಿತು. ಬೀಟಲ್ಸ್ ಎಂಬ ಆಂಗ್ಲ ಗಾಯಕರ ತಂಡವು ೧೯೬೭ರಲ್ಲಿ, ತಾವು ಬೇರೊಂದು ವಾದ್ಯಮೇಳದವರೆಂದು ವೇಷಕಟ್ಟಿ ಒಂದು ತಟ್ಟೆಯನ್ನು ಹೊರತಂದಿತು. ‘ದಿ ಹೂ’ ಎಂಬ ತಂಡದವರು ೧೯೬೯ರಲ್ಲಿ ಕಣ್ಣು ಕಿವಿ ಮಾತು ಮೂರೂ ಇಲ್ಲದ ‘ಟಾಮಿ’ ಎಂಬ ಹುಡುಗನ ಕಥೆಯನ್ನು ಎರಡು ತಟ್ಟೆಗಳಲ್ಲಿ ಹಾಡಿದರು. ರಾಕ್ ಎಂದು ಕರೆಯುವ ಆ ಅಬ್ಬರದ ಸಂಗೀತ ನಮ್ಮ ಮನೆಗಳಿಗೆ ಹಿಡಿಸಲಿ ಬಿಡಲಿ, ಅದು ಎತ್ತಿದ ಪ್ರಶ್ನೆ ಮಾತ್ರ ಗಟ್ಟಿಯಾದುದು: ಕಥೆಯ ದಾರವನ್ನು ಬಿಗಿದರೆ ಹಾಡು ನಲುಗುತ್ತದೆ, ಸಡಿಲಬಿಟ್ಟರೆ ಕಥೆ ಉದುರುತ್ತದೆ. ಏನು ಮಾಡಬೇಕು?

ನಮ್ಮಲ್ಲಿ ಈ ಪ್ರಶ್ನೆ ಎದ್ದದ್ದು ಧ್ವನಿಸುರುಳಿಗಳ ಕಾಲದಲ್ಲಿ. ಅದಕ್ಕೆ ಮುಂಚೆ ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ಸಭೆಸಭೆಗಳಲ್ಲಿ ಹಾಡಿ, ಓದುವ ಪದ್ಯವನ್ನು ಕೇಳುವ ಪದ್ಯವನ್ನಾಗಿ ಮಾಡಿದ್ದರು. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಬಂದಿತು. ಅದು ಸೊಗಸಾದುದೇ, ಆದರೆ ಅದರಲ್ಲಿ ನಾಡಿನ ಹಾಡೂ ಮಕ್ಕಳ ಹಾಡೂ ವ್ಯಂಗ್ಯದ ಹಾಡೂ ಒಂದೇ ಬುಟ್ಟಿಯಲ್ಲಿವೆ. ಒಂದೇ ದಾರದ ಮಾಲೆಯೆಂದು ಹೇಳಬೇಕಾದರೆ ನರಸಿಂಹಸ್ವಾಮಿಗಳ ಕಡೆಗೇ ತಿರುಗಬೇಕು. ಅವರ ಹಾಡುಗಳಿಗೆ ರಾಗ ಕೂಡಿಸಿದವರಲ್ಲಿ ಸಿ. ಅಶ್ವಥ್ ಅವರ ಹೆಸರು ಮುಖ್ಯವಾದುದು. ಅವರು ಹುಟ್ಟಿದ್ದು ೧೯೩೯ರಲ್ಲಿ, ನಮ್ಮ ನೆರೆಯ ಚನ್ನರಾಯಪಟ್ಟಣದಲ್ಲಿ, ತೀರಿಕೊಂಡದ್ದು ೨೦೦೯ರಲ್ಲಿ. ೧೯೯೨ರಲ್ಲಿ ಟಿ. ಎಸ್. ನಾಗಾಭರಣ ಅವರು ‘ಮೈಸೂರು ಮಲ್ಲಿಗೆ’ ಎಂಬ ಚಲನಚಿತ್ರವನ್ನು ತೆರೆಗೆ ತಂದಾಗ ಅದಕ್ಕೆ ಸಂಗೀತ ಕೊಟ್ಟವರೂ ಅಶ್ವಥ್ ಅವರೇ. ಕವಿಯ ಪದ್ಯಗಳೇ ಚಿತ್ರದ ಹಾಡುಗಳಾದವು. ೩೯ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು. ಅತ್ಯುತ್ತಮ ಗೀತರಚನೆಗಾಗಿ ನರಸಿಂಹಸ್ವಾಮಿಗಳಿಗೆ ಪ್ರಶಸ್ತಿ ಸಂದಿತು. ಪುಸ್ತಕದ ಬಿಡಿಹೂಗಳು ಒಂದು ಕಥೆಯ ದಾರಕ್ಕೆ ಏರಿದ್ದು ಹೀಗೆ.

ಇನ್ನು ಗುಣಗಳನ್ನು ಹೇಳುವೆವು. ಮೊದಲನೆಯದು, ಈ ಮಾಲಿಕೆಯ ನಾಯಿಕೆ ಸ್ವಕೀಯೆ, ಎಂದರೆ ಕೈಹಿಡಿದ ಹೆಂಡತಿ. ನಮ್ಮ ಶೃಂಗಾರ ಕಾವ್ಯಗಳಲ್ಲಿ ಕವಿಗಳು ಅಭಿಸಾರಿಕೆಯ ಬೆನ್ನುಹತ್ತಿದಷ್ಟು ಉತ್ಸಾಹದಿಂದ ಮನೆಯ ಹೆಂಡತಿಯ ಕಡೆ ನೋಡಿದ್ದು ಕಡಮೆ. ಮದುವೆಯೊಡನೆ ಕಾವ್ಯ ಮುಗಿಯಿತು, ಸಂಸಾರ ಮೊದಲಾಯಿತು ಎಂಬ ಭಾವನೆ ಬೇರೂರಿತ್ತು. ನರಸಿಂಹಸ್ವಾಮಿಗಳು ಕಾವ್ಯವನ್ನು ಮದುವೆಯಿಂದಲೇ ಆರಂಭಿಸಿದರು. ಈ ದಾರಿಯಲ್ಲಿ ಅವರಿಗಿಂತ ಮುಂದೆ ಹೆಜ್ಜೆಯಿಟ್ಟವರು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರೆಂಬುದನ್ನು ಇಲ್ಲಿ ನೆನೆಯಬೇಕು. ‘ಭಾರತೀಯ ಕಾವ್ಯಮೀಮಾಂಸೆ’ಯ ಪಂಡಿತರೆಂದು ಅವರನ್ನು ನಾವು ಬಲ್ಲೆವು, ಅದಕ್ಕೆ ಬಹಳ ಮುಂಚೆ, ೧೯೩೨ರಲ್ಲಿ, ‘ಒಲುಮೆ’ ಎಂಬ ಪ್ರೇಮಗೀತೆಗಳ ಪುಸ್ತಕವನ್ನು ಕೊಟ್ಟವರೂ ಅವರೇ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಕವಿಯ ಹಾಡುಗಳನ್ನು ನರಸಿಂಹಸ್ವಾಮಿಗಳು ಪ್ರೀತಿಯಿಂದ ಓದಿ ಕನ್ನಡಿಸಿದರು. ಆದರೆ ಅವರ ಮಲ್ಲಿಗೆ ಬೆಳೆದದ್ದು ನಮ್ಮ ಹಿತ್ತಲಿನಲ್ಲಿಯೇ. ಅತ್ತೆ, ಮಾವ, ನಾದಿನಿ, ತವರು, ತೇರು, ಬಳೆ ಇವುಗಳೇ ಅದರ ನೀರು ಗೊಬ್ಬರ.

ಎರಡನೆಯ ಗುಣ ಧ್ವನಿ. ‘ರಾಯರು ಬಂದರು’ ಎಂಬ ಹಾಡನ್ನು ನೋಡಿ. ಹುಣ್ಣಿಮೆಯ ಇರುಳು ಅಳಿಯನು ಮಾವನ ಮನೆಗೆ ಬರುತ್ತಾನೆ. ಉಪಚಾರಕ್ಕೆ ಯಾವ ಕೊರತೆಯೂ ಇಲ್ಲ. ಕಾಣಬೇಕೆಂದು ಬಂದ ಹೆಂಡತಿ ಮಾತ್ರ ಕಾಣಳು. ಬೆಳಗಾದಾಗ ಅವನು ಮುನಿದು ಹೊರಡಲು ಏಳುತ್ತಾನೆ. ನಾದಿನಿಯು ಸ್ನಾನಕ್ಕೆ ನೀರಾಯಿತೆಂದು ರಾಗವಾಗಿ ಹೇಳಿ ತಡೆಯುತ್ತಾಳೆ. ಕೊನೆಗೆ ಪದುಮಳು ಹೂ ಮುಡಿದು ಬರುತ್ತಾಳೆ. ಅವಳೇಕೆ ಕಾಣಲಿಲ್ಲವೆಂಬ ಕಾರಣವನ್ನು ಕವಿ ಬಿಡಿಸಿ ಹೇಳುವುದಿಲ್ಲ. ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕುಳಿತಿರುತ್ತಿದ್ದ ಕಾಲದ ಮನೆಗಳಲ್ಲಿ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಂದು ತರಗತಿಯಲ್ಲಿ ಈ ಹಾಡಿನ ಮಾತು ಬಂದಿತು. ಪದುಮ ಎಲ್ಲಿ ಹೋಗಿದ್ದಳೆಂದು ಹುಡುಗರು ಬಗೆಬಗೆಯಾಗಿ ಊಹಿಸುತ್ತಿದ್ದರೆ, ಹಿಂದಿನ ಸಾಲಿನ ಹೆಣ್ಣುಮಕ್ಕಳು ತಲೆತಗ್ಗಿಸಿ ನಗುತ್ತಿದ್ದರು. ಅಜ್ಜಿಯರಿಂದ ಅವರಿಗೆ ಸಂಗತಿ ತಿಳಿದಿತ್ತು. ಆ ಹಾಡಿನೊಳಗಿನ ಅಳಿಯನು ಅರಿಯದ ಗುಟ್ಟನ್ನು ಮನೆಯ ಹೆಂಗಸರೆಲ್ಲ ಅರಿತು ನಗುವಂತೆಯೇ ಆ ನಗು ಇತ್ತು. ಧ್ವನಿಯೆಂದರೆ ಏನೆಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆಯನ್ನು ನಾವು ಆ ಮಕ್ಕಳಿಗೆ ಕೊಡಲಾರದವರಾಗಿದ್ದೆವು.

ಮೂರನೆಯದು, ಪಾತ್ರಗಳ ಒಗ್ಗಟ್ಟು. ಬಳೆಗಾರ ಚೆನ್ನಯ್ಯನು ನವಿಲೂರಿನ ತವರುಮನೆಯಿಂದ ಹೆಂಡತಿಯ ಸುದ್ದಿಯನ್ನು ಹೊತ್ತು ಗಂಡನ ಬಾಗಿಲಿಗೆ ಬರುತ್ತಾನೆ. ಕಾಳಿದಾಸನ ಯಕ್ಷನು ಮೇಘವನ್ನು ಕಳುಹಿಸಿದನು. ಇಲ್ಲಿ ಆ ಕೆಲಸವನ್ನು ಬಳೆಯ ಮಲಾರವನ್ನು ಹೆಗಲಿಗೇರಿಸಿದ ಒಬ್ಬ ಬಡ ವ್ಯಾಪಾರಿ ಮಾಡುತ್ತಾನೆ. ಮೇಘಕ್ಕೆ ಇಲ್ಲದ ಒಂದು ಅನುಕೂಲ ಅವನಿಗುಂಟು. ಮನೆಯ ಗಂಡಸರು ಸುಳಿಯದ ಎಡೆಗೂ ಅವನು ಹೋಗಬಲ್ಲನು. ಹೆಣ್ಣುಮಗಳ ಕೈಹಿಡಿದು ಬಳೆ ತೊಡಿಸುವಾಗ ಆ ಕೈ ಎಷ್ಟು ಬಡವಾಗಿದೆಯೆಂಬುದೂ ಅವನಿಗೆ ತಿಳಿಯುವುದು. ಒಂದು ಹಾಡಿನಲ್ಲಿ ಪದುಮ, ಇನ್ನೊಂದರಲ್ಲಿ ಚೆನ್ನಯ್ಯ, ಮತ್ತೊಂದರಲ್ಲಿ ತೇರು, ಹೀಗೆ ಕೇಳುತ್ತ ಹೋದಂತೆ ಕೇಳುವವನ ಮನಸ್ಸಿನಲ್ಲಿ ಒಂದು ಊರೇ ಏಳುತ್ತದೆ. ಕವಿ ಕಥೆ ಹೇಳಲಿಲ್ಲ. ಆದರೂ ಕಥೆಯೊಂದು ನಮ್ಮೊಳಗೆ ತಾನಾಗಿ ಕೂಡಿಕೊಂಡಿತು. ಮುಕ್ತಕವು ಪ್ರಬಂಧವಾಗುವುದೆಂದರೆ ಇದೇ.

ನಾಲ್ಕನೆಯ ಗುಣವು ರಾಗಸಂಯೋಜನೆಗೆ ಸೇರಿದುದು. ಸಂಗೀತ ಬಾರದ ಹೆಂಗಸೂ ಒಲೆಯ ಮುಂದೆ ಕುಳಿತು ಗುನುಗಬಲ್ಲಷ್ಟು ಸುಲಭವಾದ ಧಾಟಿಗಳು ಇವು. ಮಾತಿನ ಸಹಜವಾದ ಏರಿಳಿತವೇ ರಾಗದ ಏರಿಳಿತವಾಗಿದೆ. ಪುಸ್ತಕವನ್ನು ಕಣ್ಣಿನಿಂದ ಕಾಣದ ಎಷ್ಟೋ ಮಂದಿ ತಾಯಂದಿರಿಗೆ ಈ ಹಾಡುಗಳು ಬಾಯಿಗೆ ಬರುತ್ತವೆ. ಅಕ್ಷರ ಬಾರದವರ ಮನೆಗೂ ಒಬ್ಬ ಕವಿಯನ್ನು ಮುಟ್ಟಿಸಿದ ಉಪಕಾರ ಸಣ್ಣದಲ್ಲ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನು ಹೇಳುವ ಅಧಿಕಾರ ನಮಗೆ ಬಂದಿತೆಂದು ಭಾವಿಸುತ್ತೇವೆ.

ಮೊದಲನೆಯ ದೋಷ ಸಿಹಿಯ ಅತಿಶಯ. ಹಾಡಿಗೆ ಮುಂಚೆ ಕೊಳಲು, ಪಿಟೀಲುಗಳ ಪೀಠಿಕೆ. ನಡುನಡುವೆ ಮತ್ತೆ ಅದೇ ವಾದ್ಯಗಳ ಮೇಳ. ಒಂದು ಹಾಡಿಗೆ ಇದು ಒಪ್ಪುತ್ತದೆ. ಆದರೆ ಮುನಿಸಿನ ಹಾಡಿಗೂ ನೆನಪಿನ ಹಾಡಿಗೂ ಅಗಲಿಕೆಯ ಹಾಡಿಗೂ ಒಂದೇ ಪಾಕವನ್ನು ಸುರಿದಾಗ ಹೋಳಿಗೆ, ಹೆಸರುಬೇಳೆ, ಉಪ್ಪಿನಕಾಯಿ ಎಲ್ಲಕ್ಕೂ ಬೆಲ್ಲ ಬೆರೆಸಿದಂತಾಗುತ್ತದೆ. ನರಸಿಂಹಸ್ವಾಮಿಗಳ ಪದ್ಯಗಳನ್ನು ಬಾಯಿಬಿಟ್ಟು ಮೆಲ್ಲಗೆ ಓದಿದವರಿಗೆ, ಒಲುಮೆಯ ಮಾತಿನ ಕೆಳಗೆ ಸಣ್ಣ ಸಂಬಳದ ಕಳವಳವೂ ಅಗಲಿಕೆಯ ಅಂಜಿಕೆಯೂ ಹರಿಯುತ್ತಿರುವುದು ಕೇಳಿಸುತ್ತದೆ. ರಾಗದ ಜೇನಿನಲ್ಲಿ ಆ ಒಗರು ಮುಳುಗಿಹೋಗುತ್ತದೆ. ಕ್ಷೇಮೇಂದ್ರನು ಔಚಿತ್ಯವನ್ನು ರಸಕ್ಕೆ ಪ್ರಾಣವೆಂದದ್ದು ಇದಕ್ಕಾಗಿಯೇ.

ಎರಡನೆಯದು ಮೇಲೆ ಹೇಳಿದ ದಾರದ ದೋಷ. ಚಲನಚಿತ್ರಕ್ಕೆ ಕಥೆ ಬೇಕು, ಅದನ್ನು ತಪ್ಪೆನ್ನಲಾಗದು. ಸ್ವಾತಂತ್ರ್ಯ ಚಳವಳಿಯ ಕಾಲ, ಕವಿಯಾದ ನಾಯಕ, ಶಾನುಭೋಗನಾದ ಮಾವ, ಇವರ ನಡುವೆ ಸಿಲುಕಿದ ಪದ್ಮ, ಹೀಗೆ ಕಟ್ಟಿದ ಕಥೆ ನೋಡಲು ಘನವಾಗಿದೆ. ಗಿರೀಶ ಕಾರ್ನಾಡರೂ ಸುಧಾರಾಣಿಯವರೂ ಅದನ್ನು ಚೆನ್ನಾಗಿ ಅಭಿನಯಿಸಿದರು. ಆದರೆ ಅಂದಿನಿಂದ ಪದುಮಳಿಗೆ ಒಂದೇ ಮುಖ, ಮಾವನ ಮನೆಗೆ ಒಂದೇ ಅಂಗಳ ಎಂಬಂತಾಯಿತು. ಪುಸ್ತಕದಲ್ಲಿ ಅವಳು ಯಾರ ಮನೆಯ ಮಗಳಾದರೂ ಆಗಬಹುದಾಗಿತ್ತು. ಕವಿ ತಿಪಟೂರಿನ ಅಳಿಯನಾಗಿದ್ದರೂ ಹಾಡಿನಲ್ಲಿ ತಿಪಟೂರೆನ್ನದೆ ನವಿಲೂರೆಂದದ್ದು, ತುರುವೇಕೆರೆಯವರೂ ಧಾರವಾಡದವರೂ ಅದನ್ನು ತಮ್ಮೂರೆಂದುಕೊಳ್ಳಲಿ ಎಂದೇ ಇರಬೇಕು. ನಮ್ಮ ಸೀಮೆಯ ರೈತರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬಹುದು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಒಳಗೊಳಗೇ ನೀರಿಂಗಿ ಉಂಡೆಕೊಬ್ಬರಿಯಾಗಲು ವರ್ಷದ ಹತ್ತಿರ ಹಿಡಿಯುತ್ತದೆ. ತಾಳ್ಮೆಗೆಟ್ಟು ನಡುವೆ ಒಡೆದು ನೋಡಿದವನಿಗೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ. ಕೇಳುವವನ ಮನಸ್ಸಿನ ಅಟ್ಟದಲ್ಲಿ ತಾನಾಗಿ ಬಲಿಯಬೇಕಾದ ಅರ್ಥವನ್ನು ಕಥೆಯು ಮೊದಲೇ ಒಡೆದು ತೋರಿಸಿಬಿಡುತ್ತದೆ. ‘ಟಾಮಿ’ಯ ತಟ್ಟೆಯನ್ನು ಕೇಳಿದ ಪಶ್ಚಿಮದವರಲ್ಲಿಯೂ, ಹಾಡುಗಳು ನೆನಪಿನಲ್ಲಿ ನಿಂತು ಕಥೆ ಗೋಜಲಾಯಿತೆನ್ನುವವರು ಇದ್ದಾರೆ. ದೇಶ ಬೇರೆ, ತೊಡಕು ಒಂದೇ.

ಮೂರನೆಯ ದೋಷವನ್ನು ಹೇಳಲು ಸ್ವಲ್ಪ ಧೈರ್ಯ ಬೇಕು. ಈ ಮಾಲಿಕೆಯಲ್ಲಿ ಒಲಿಯುವವನು, ಕಾಯುವವನು, ಮುನಿಯುವವನು ಬಹುಪಾಲು ಗಂಡಸು. ಹೆಣ್ಣು ಕಾಯಿಸುವವಳು, ನಗುವವಳು, ಹೂ ಮುಡಿದು ಬರುವವಳು. ಮುತ್ತೂರ ತೇರಿನ ನೆನಪಿನ ಹಾಡಿನಲ್ಲಿ ಹೆಂಡತಿಯೇ ಬಾಯಿಬಿಟ್ಟು, ಹಿಂದೆ ತನ್ನ ಸುತ್ತ ಸುಳಿದವರು ಯಾರೆಂದು ಗಂಡನನ್ನು ಕೆಣಕುತ್ತಾಳೆ. ಅದನ್ನು ಕೇಳಿದಾಗ, ಇಂಥ ದನಿ ಇನ್ನಷ್ಟು ಇರಬಾರದಾಗಿತ್ತೆ ಎನಿಸುತ್ತದೆ. ಅಕ್ಕಿ ಆರಿಸುವ ಹೆಣ್ಣನ್ನು ಕುರಿತು ಇದೇ ಕವಿ ಬರೆದ ಪ್ರಸಿದ್ಧ ಕವಿತೆಯಲ್ಲಿ ದುಡಿಯುವ ಕೈಯನ್ನೂ ಕಾಣುತ್ತೇವೆ. ಆದರೆ ಜನರು ಬಯಸಿ ಬಯಸಿ ಕೇಳುವುದು ಮಾವನ ಮನೆಯ ಹಾಡನ್ನೇ. ತವರಿಗೆ ಬಂದ ಮಗಳ ಬಳೆಯ ಸದ್ದು ಕೇಳುವಷ್ಟು ಚೆನ್ನಾಗಿ, ಅತ್ತೆಯ ಮನೆಯಲ್ಲಿರುವ ಸೊಸೆಯ ಉಸಿರು ಈ ಮಾಲಿಕೆಯಲ್ಲಿ ಕೇಳುವುದಿಲ್ಲ.

ಇದು ಬರಿಯ ಕಾವ್ಯದ ಮಾತಲ್ಲ, ಮನೆಯ ಮಾತೂ ಹೌದು. ಕೊಬ್ಬರಿಯ ಧಾರಣೆ ಏರಿದ ವರ್ಷ ಮದುವೆಗಳು ಹೆಚ್ಚುವ ಸೀಮೆ ನಮ್ಮದು. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಧ್ವನಿವರ್ಧಕದಿಂದ ‘ರಾಯರು ಬಂದರು’ ಹಾಡು ತೆಂಗಿನ ತೋಟದ ಆಚೆಗೂ ಕೇಳುವಂತೆ ಮೊಳಗುತ್ತಿತ್ತು. ಒಳಗೆ ಕೋಣೆಯಲ್ಲಿ ಹಿರಿಯರು ವರನ ಕಡೆಯವರು ಕೇಳಿದ ಹಣದ ಮಾತನ್ನು ಮುಗಿಸುತ್ತಿದ್ದರು. ಹುಡುಗಿಗೆ ಓದು ಮುಂದುವರಿಸುವ ಆಸೆಯಿತ್ತೆಂದು ನಮಗೆ ಗೊತ್ತಿತ್ತು, ಏಕೆಂದರೆ ಅವಳು ನಮ್ಮ ಶಿಷ್ಯೆ. ಅವಳನ್ನು ಯಾರೂ ಕೇಳಲಿಲ್ಲ. ಹಾಡಿನಲ್ಲಿ ಅಳಿಯನಿಗೆ ಸಲ್ಲುತ್ತಿದ್ದ ಉಪಚಾರವನ್ನು ಕೇಳಿ ಸಭೆ ತಲೆದೂಗುತ್ತಿತ್ತು. ಆ ಹಾಡಿನ ಜೀವವಾದ ಸಂಗತಿ, ಎಂದರೆ ರಾಯರು ಬಂದದ್ದು ವರದಕ್ಷಿಣೆಗಲ್ಲ, ಪದುಮಳ ಮುಖ ನೋಡಲು ಎಂಬುದು, ಯಾರ ಕಿವಿಗೂ ಬಿದ್ದಂತೆ ತೋರಲಿಲ್ಲ. ಸಿಹಿ ಹೆಚ್ಚಾದ ಹಾಡು ಹೀಗೆ ಮನೆಯ ಒಡಕನ್ನು ಮುಚ್ಚುವ ಜರತಾರಿಯ ಹೊದಿಕೆಯಾಗುವ ಅಪಾಯವುಂಟು. ತಪ್ಪು ಕವಿಯದಲ್ಲ, ಗಾಯಕರದೂ ಅಲ್ಲ. ಆದರೂ ಸಿಹಿಯನ್ನು ಮಾತ್ರ ಆರಿಸಿ ಕಟ್ಟಿದ ಮಾಲೆಯು ಆ ಬಳಕೆಗೆ ಎಡೆಮಾಡಿಕೊಟ್ಟಿತೆಂದು ಹೇಳಲೇಬೇಕಾಗಿದೆ.

ಕವಿಗಳು ತಾವೇ ಮಲ್ಲಿಗೆಯ ಬಳ್ಳಿಯ ಕೆಳಗೆ ನಿಂತುಬಿಡಲಿಲ್ಲವೆಂಬುದನ್ನೂ ವಾಚಕರು ಗಮನಿಸಬೇಕು. ನವ್ಯದ ಕಾಲದಲ್ಲಿ ಕೆಲವರು ಅವರನ್ನು ಬರಿಯ ಹೂವಿನ ಕವಿಯೆಂದು ಹಗುರವಾಗಿ ಕಂಡಾಗ ಅವರು ವಾದಕ್ಕಿಳಿಯದೆ ‘ಶಿಲಾಲತೆ’ಯಂಥ ಬಿಗಿಯಾದ ಸಂಗ್ರಹವನ್ನು ಬರೆದರು. ‘ತೆರೆದ ಬಾಗಿಲು’ ಎಂಬ ಕೃತಿಗೆ ೧೯೭೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಈ ಕವಿತೆಗಳಲ್ಲಿ ದಾಂಪತ್ಯಕ್ಕೆ ವಯಸ್ಸಾಗಿದೆ, ಮನೆಗೆ ಸದ್ದಿಲ್ಲದ ಸಂಜೆಗಳು ಬಂದಿವೆ. ಹಾಡಿನ ಮಾಲಿಕೆಯನ್ನು ಮಾತ್ರ ಕೇಳಿದವರು ಇಪ್ಪತ್ತೇಳು ವರ್ಷದ ತರುಣನನ್ನು ಬಲ್ಲರು; ಸುಮಾರು ತೊಂಬತ್ತು ವರ್ಷ ಬಾಳಿದ ಕವಿಯನ್ನು ಬಲ್ಲವರಲ್ಲ.

ಈಗಿನ ಕಾಲ ಇನ್ನೊಂದು ತೊಡಕನ್ನು ತಂದಿದೆ. ಧ್ವನಿಸುರುಳಿಯನ್ನು ಹಾಕಿದರೆ ಒಂದು ಮಗ್ಗುಲು ಮುಗಿಯುವವರೆಗೆ ಕೇಳಲೇಬೇಕಾಗಿತ್ತು. ಇಷ್ಟವಿಲ್ಲದ ಹಾಡೂ ಕಿವಿಗೆ ಬಿದ್ದು ಕ್ರಮೇಣ ಇಷ್ಟವಾಗುತ್ತಿತ್ತು. ಈಗ ಕೈಯಲ್ಲಿನ ಮೊಬೈಲು ಬೇಕಾದ ಒಂದು ಹಾಡನ್ನು ಮಾತ್ರ ಆರಿಸಿ ಕೊಟ್ಟು, ಅದರ ಹಿಂದೆಯೇ ಬೇರೆಲ್ಲಿಯದೋ ಒಂದು ಹಾಡನ್ನು ತಂದು ಕೂಡಿಸುತ್ತದೆ. ಚಿತ್ರವು ದಾರವನ್ನು ಬಿಗಿದರೆ, ಇದು ದಾರವನ್ನೇ ಕತ್ತರಿಸುತ್ತದೆ. ಮಾಲೆ ಮತ್ತೆ ಬುಟ್ಟಿಯ ಹೂವಾಗುತ್ತಿದೆ.

ಹಾಗಾದರೆ ನಮ್ಮ ತೀರ್ಪೇನು? ಗುಣದ ತಕ್ಕಡಿಯೇ ತೂಗುತ್ತದೆಂದು ನಿಸ್ಸಂಶಯವಾಗಿ ಹೇಳುತ್ತೇವೆ. ಗಂಡನು ಹೆಂಡತಿಯನ್ನು ಹೆಸರಿಟ್ಟು ಕರೆದು, ಅವಳಿಲ್ಲದ ಮನೆಯಲ್ಲಿ ನಿಲ್ಲಲಾರೆನೆಂದು ಎಲ್ಲರೂ ಕೇಳುವಂತೆ ಹೇಳಿದ್ದು ೧೯೪೨ರ ನಮ್ಮ ಮನೆಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಅದು ಹಾಡಿನಲ್ಲಿ ಮಾತ್ರ ಕೇಳುವ ಮಾತು. ಆ ಧೈರ್ಯದ ಮುಂದೆ ಪಾಕ ಹೆಚ್ಚಾಯಿತೆಂಬ ದೂರು ಚಿಕ್ಕದು. ಆದರೆ ದಾರವನ್ನು ಚಿತ್ರದ ಕಥೆಗೂ ಬಿಡಬಾರದು, ಯಂತ್ರಕ್ಕೂ ಬಿಡಬಾರದು, ಕೇಳುವವರೇ ಹಿಡಿದುಕೊಳ್ಳಬೇಕು.

ಅದಕ್ಕೆ ಒಂದು ಸುಲಭವಾದ ಉಪಾಯವನ್ನು ಗೃಹಸ್ಥರಿಗೆ ಸೂಚಿಸುತ್ತೇವೆ. ಬಿಡುವಾದ ಒಂದು ಸಂಜೆ ದೂರದರ್ಶನವನ್ನು ನಿಲ್ಲಿಸಿ, ಪುಸ್ತಕವನ್ನು ಮುಂದಿಟ್ಟುಕೊಂಡು, ಮನೆಯವರೆಲ್ಲ ಕೂಡಿ ಈ ಹಾಡುಗಳನ್ನು ಒಂದೇ ಸಮನೆ ಕೇಳಿರಿ. ರಾಗ ಕೂಡಿಸದ ಪದ್ಯಗಳನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಪದುಮ ಎಲ್ಲಿದ್ದಳೆಂದು ಮೊಮ್ಮಕ್ಕಳು ಕೇಳಿದರೆ ಅಜ್ಜಿಯರು ನಾಚದೆ ಹೇಳಲಿ. ಆ ಮೂರು ದಿನ ಹೊರಗೆ ಕುಳಿತವರಿಗೆ ಹೇಗಿತ್ತೆಂಬುದನ್ನೂ ಹೇಳಲಿ, ಏಕೆಂದರೆ ಅದು ಹಾಡಿನಲ್ಲಿ ಇಲ್ಲ. ಕೊನೆಯಲ್ಲಿ ಮನೆಯ ಸೊಸೆಯನ್ನು, ಈ ಮಾಲೆಯಲ್ಲಿ ನಿನ್ನ ಹೂವು ಯಾವುದಮ್ಮ ಎಂದು ಕೇಳಿರಿ. ಅವಳು ತೋರಿಸಿದರೆ ಸಂತೋಷ. ನನ್ನದು ಇಲ್ಲಿಲ್ಲ ಎಂದರೆ, ಹಾಡನ್ನು ನಿಲ್ಲಿಸಿ ಅವಳ ಮಾತಿಗೆ ಕಿವಿಗೊಡಿರಿ.